ಕಫದ ಸಾಕ್ಷಿ

ಕಾಸರಗೋಡಿನ ಕಡೆಯ ನಮ್ಮಂಥ ತೋಟದ ಮನೆಗಳಿಗೆ ಉಬ್ಬಸವು ಅಪರಿಚಿತ ವ್ಯಾಧಿಯಲ್ಲ. ಆಟಿಯ ಜಡಿಮಳೆ, ಗೋಡೆಯ ಬೂಷ್ಟು, ಅಡಿಕೆ ಸುಲಿಯುವಾಗ ಏಳುವ ಧೂಳು, ಇವುಗಳಲ್ಲಿ ಯಾವುದಕ್ಕೆ ನಮ್ಮ ಅತ್ತೆಯವರ ಎದೆ ಕಟ್ಟುವುದೆಂದು ಊಹಿಸುವುದರಲ್ಲೇ ನಾವು ವರ್ಷಗಳನ್ನು ಕಳೆದೆವು. ಸುಂಯ್‌ಗುಟ್ಟುವ ಸದ್ದು ಹೆಚ್ಚಿದಾಗಲೆಲ್ಲ ವೈದ್ಯರು ಬರೆದುಕೊಡುವ ಪ್ರೆಡ್ನಿಸೊಲೋನ್ ಮಾತ್ರೆಯೂ ಹೆಚ್ಚುತ್ತಿತ್ತು. ಕೊನೆಗೆ ದಿನಕ್ಕೆ 10 ಮಿಲಿಗ್ರಾಂ ಖಾಯಂ ಆಯಿತು. ಉಬ್ಬಸವಂತೂ ಹೋಗಲಿಲ್ಲ. ಸಕ್ಕರೆ ಕಾಯಿಲೆ ಬಂದಿತು. ಜಗಲಿಯಲ್ಲಿ ಜಾರಿದ ಮಾತ್ರಕ್ಕೆ ಮಣಿಕಟ್ಟಿನ ಎಲುಬು ಮುರಿಯಿತು.

ಮಂಗಳೂರಿನ ಶ್ವಾಸಕೋಶ ತಜ್ಞರೊಬ್ಬರು ಎತ್ತಿದ ಪ್ರಶ್ನೆ ನಮಗೆ ಹೊಸತಾಗಿತ್ತು: ಶ್ವಾಸನಾಳದೊಳಗೆ ಉರಿಯೂತ ನಿಜವಾಗಿಯೂ ಇದೆಯೇ? ಇದ್ದರೆ ಯಾವ ಬಗೆಯದು? ಸ್ಟೀರಾಯ್ಡು ಮುಖ್ಯವಾಗಿ ಶಮನಗೊಳಿಸುವುದು ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣಗಳು ಮುತ್ತಿದ ಉರಿಯೂತವನ್ನು. ಸದ್ದಾದರೋ ಬೇರೆ ಕಾರಣಗಳಿಂದಲೂ ಬರಬಹುದು. ಇಂಗ್ಲೆಂಡಿನ ಹ್ಯಾರಿ ಮಾರೋ ಬ್ರೌನ್ ಎಂಬ ವೈದ್ಯರು ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಈ ಕಣಗಳಿದ್ದವರಿಗೇ ಪ್ರೆಡ್ನಿಸೊಲೋನ್ ಫಲಿಸುವುದೆಂದು 1958ರಲ್ಲಿಯೇ ತಿಳಿಸಿದ್ದರು. ಅಷ್ಟು ಹಳೆಯ ಅರಿವು ರೋಗಿಯ ಬಳಿಗೆ ಬರಲು ಇಷ್ಟು ಕಾಲ ಬೇಕಾಯಿತೇ ಎಂದು ನಮಗೆ ಅಚ್ಚರಿ. 2002ರಲ್ಲಿ ಪ್ರಕಟವಾದ ಲೆಸ್ಟರ್ ನಗರದ ಅಧ್ಯಯನದಲ್ಲಿ 74 ರೋಗಿಗಳನ್ನು ಎರಡು ಗುಂಪು ಮಾಡಿ ಒಂದು ವರ್ಷ ನೋಡಿಕೊಂಡರು. ವಾಡಿಕೆಯಂತೆ ಮದ್ದು ಪಡೆದವರಲ್ಲಿ ರೋಗವು 109 ಸಲ ತೀವ್ರವಾಗಿ ಕೆರಳಿತು. ಕಫದ ಎಣಿಕೆ ನೋಡಿ ಮದ್ದು ಕೊಟ್ಟವರಲ್ಲಿ 35 ಸಲ. ಸ್ಟೀರಾಯ್ಡಿನ ಮೊತ್ತವೋ ಎರಡು ಕಡೆಯೂ ಹೆಚ್ಚುಕಡಿಮೆ ಒಂದೇ!

ಅತ್ತೆಯವರು ಮೊದಲು ಒಂದು ಯಂತ್ರದೊಳಕ್ಕೆ ಒಂದೇ ಸಮನೆ ಉಸಿರೂದಿದರು. ಅದು ಉಸಿರಿನ ನೈಟ್ರಿಕ್ ಆಕ್ಸೈಡನ್ನು ಅಳೆಯುತ್ತದೆ. "ಒಲೆ ಊದಿದವಳಿಗೆ ಇದೇನು ಮಹಾ," ಎಂದರು. ಬಳಿಕ ಉಪ್ಪುನೀರಿನ ತುಂತುರನ್ನು ಸೇದಿ, ಕೆಮ್ಮಿ, ಕಫ ಕೊಟ್ಟರು. ಇಯೋಸಿನೋಫಿಲ್ ಶೇಕಡಾ 3ಕ್ಕಿಂತ ಕಡಿಮೆಯಿತ್ತು. ನಾವು ಹಿಗ್ಗಿದೆವು; ವೈದ್ಯರು ಹಿಗ್ಗಲಿಲ್ಲ. ಮಾತ್ರೆಯೇ ಆ ಕಣಗಳನ್ನು ಅಡಗಿಸಿರಬಹುದು, ಬಹುಕಾಲ ನುಂಗಿದ್ದನ್ನು ಥಟ್ಟನೆ ಬಿಟ್ಟರೆ ಪ್ರಾಣಕ್ಕೇ ಅಪಾಯ, ಎಂದರು.

ತಿಂಗಳುಗಟ್ಟಲೆ ಅಂತರವಿಟ್ಟು ಏಳೂವರೆಗೆ, ಐದಕ್ಕೆ ಇಳಿಸಿದರು. ಪ್ರತಿ ಸಲವೂ ಕಫದ ಪರೀಕ್ಷೆ. ಎರಡೂವರೆಗೆ ಇಳಿದಾಗ ಅತ್ತೆಯವರು ಹಾಯಾಗಿಯೇ ಇದ್ದರು, ಎದೆಯಲ್ಲಿ ಸದ್ದಿರಲಿಲ್ಲ. ಕಫದಲ್ಲಿ ಮಾತ್ರ ಕಣಗಳು ಏರಿದ್ದವು. ಮರಳಿ ಐದಕ್ಕೆ ಬಂದು ನಿಂತರು. ಈಗಲೂ ಅಲ್ಲಿಯೇ ಇದ್ದಾರೆ, ಮೊದಲಿನ ಅರ್ಧದಲ್ಲಿ.

ಕಫದ ಕಣ ಎಣಿಸುವ ಪ್ರಯೋಗಶಾಲೆಗಳು ವಿರಳ. ರಕ್ತದಲ್ಲಿ ಇಯೋಸಿನೋಫಿಲ್ ಎಣಿಸುವುದಾದರೋ ಸುಲಭ. ಅಷ್ಟು ಖಚಿತವಲ್ಲದಿದ್ದರೂ ದಾರಿ ತೋರುತ್ತದೆ. ಮಾತ್ರೆ ಹೊಟ್ಟೆಗೆ ಹೋದ ಮೇಲೆ ಆ ಎಣಿಕೆಯೂ ಇಳಿಯುವುದರಿಂದ, ಮೊದಲ ಮಾತ್ರೆಗೆ ಮುನ್ನವೇ ವೈದ್ಯರನ್ನು ಕೇಳುವುದು ಒಳಿತು.