ಒಂಬತ್ತು ಖಾಲಿ ಸಾಲು

ನಾಯಿ ಬೊಗಳಿದರೆ ದೇವಲೋಕ ಹಾಳೇ ಎಂದು ಕೇಳುತ್ತಾರೆ. ದೇವಲೋಕದ ಸಂಗತಿ ನನಗೆ ಗೊತ್ತಿಲ್ಲ. ಮೈಸೂರಿನ ದಟ್ಟಗಳ್ಳಿಯಲ್ಲಿ ಮೂವತ್ತು-ನಲವತ್ತರ ಸೈಟಿನ ಮೇಲೆ ಕಟ್ಟಿಸಿದ ನಮ್ಮ ಮನೆಯ ಹಿಂದಿನ ರೂಮು ಮಾತ್ರ 2022ರ ಬೇಸಿಗೆಯಿಂದ ಹೆಚ್ಚುಕಡಿಮೆ ಒಂದು ವರ್ಷ ಹಾಳಾಗಿತ್ತು. ಅದಕ್ಕೆಲ್ಲ ಪಕ್ಕದ ಮನೆಯ ರಾಕಿಯೇ ಕಾರಣ ಎಂದು ನಾನು ನಂಬಿದ್ದೆ.

ಹೆಸರಿಗೆ ವಿವರಣೆ ಬೇಕಿಲ್ಲ. ‘ಕೆಜಿಎಫ್’ ಬಂದ ಮೇಲೆ ನಮ್ಮ ಒಂದು ಬೀದಿಯಲ್ಲೇ ಮೂರು ರಾಕಿಗಳಿದ್ದವು: ಎರಡು ನಾಯಿ, ಒಂದು ಮಗು. ಈ ರಾಕಿ ಅರ್ಧ ಜರ್ಮನ್ ಶೆಫರ್ಡ್, ಉಳಿದರ್ಧ ಬೀದಿಯದು. ಹಗಲೆಲ್ಲ ಪೋರ್ಟಿಕೋದಲ್ಲಿ ಸಾಧುವಿನಂತೆ ಬಿದ್ದಿರುತ್ತಿತ್ತು. ರಾತ್ರಿ ಹತ್ತಾದರೆ ಎರಡು ಮನೆಗಳ ನಡುವಿನ ಓಣಿಗೆ ತಂದು, ಅವರ ಅಡುಗೆಮನೆಯ ಹಿಂಬಾಗಿಲ ಹತ್ತಿರ ಸರಪಳಿ ಹಾಕಿ ಕಟ್ಟುತ್ತಿದ್ದರು. ಓಣಿ ಅಂದರೆ ಏನು, ಅವರು ಬಿಟ್ಟ ಮೂರಡಿ, ನಾವು ಬಿಟ್ಟ ಮೂರಡಿ, ನಡುವೆ ಎದೆಮಟ್ಟದ ಕಾಂಪೌಂಡು. ಎರಡೂ ಕಡೆ ಎರಡಂತಸ್ತಿನ ಗೋಡೆ. ಅಲ್ಲಿ ಯಾರಾದರೂ ಕೆಮ್ಮಿದರೆ ಬಾವಿಯೊಳಗೆ ಕೆಮ್ಮಿದ ಹಾಗಿರುತ್ತದೆ. ನನ್ನ ದಿಂಬಿಗೂ ಅದರ ಬಾಯಿಗೂ ಹತ್ತಡಿ ದೂರವಿರಲಿಲ್ಲ.

ನಾನು ಪ್ರೌಢಶಾಲೆಯಲ್ಲಿ ಗಣಿತ ಹೇಳುವವನು. ಲೆಕ್ಕದ ಮೇಷ್ಟರಿಗೆ ಸಿಟ್ಟು ಬಂದರೆ ಮೊದಲು ಕೋಷ್ಟಕ ಎಳೆಯುತ್ತಾರೆ. ಹಳೆಯದೊಂದು ಹಾಜರಿ ಪುಸ್ತಕ ತಂದು ದಿಂಬಿನ ಪಕ್ಕ ಇಟ್ಟುಕೊಂಡು ನಾಯಿಗೆ ಹಾಜರಿ ಹಾಕತೊಡಗಿದೆ. ದಿನಾಂಕ, ಶುರುವಾದ ಹೊತ್ತು, ನಿಂತ ಹೊತ್ತು, ಷರಾ. ‘1.20ರಿಂದ 1.45. ಮತ್ತೆ 3.05. ಬಹಳ ಜೋರು.’ ಮುಂದೆ ಯಾರಿಗಾದರೂ ಸಾಕ್ಷಿಯಾಗಿ ತೋರಿಸಬೇಕು ಎಂಬುದು ನನ್ನ ಎಣಿಕೆ. ಯಾರಿಗೆ ಎಂಬುದು ನನಗೇ ಸ್ಪಷ್ಟವಿರಲಿಲ್ಲ.

ಆಮೇಲೆ ಕಾನೂನು ಓದಿದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿಗೆ 55 ಡೆಸಿಬಲ್, ರಾತ್ರಿಗೆ 45. ರಾತ್ರಿ ಎಂದರೆ ಹತ್ತರಿಂದ ಬೆಳಿಗ್ಗೆ ಆರರವರೆಗೆ. ಮೊಬೈಲಿಗೆ ಡೆಸಿಬಲ್ ಅಳೆಯುವ ಆ್ಯಪ್ ಹಾಕಿಕೊಂಡು ಕಿಟಕಿಗೆ ಹಿಡಿದೆ. ಎಂಬತ್ತು ದಾಟಿತು. ಆ ಅಂಕಿ ಕಂಡಾಗ ನನಗೆ ಆದದ್ದು ಸಂಕಟವಲ್ಲ, ಒಂದು ಬಗೆಯ ಸಂತೋಷ. ಅದನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ.

ಸೀಟಿಯ ಪ್ರಸಂಗವನ್ನೂ ಹೇಳಿಬಿಡುತ್ತೇನೆ. ಮನುಷ್ಯರಿಗೆ ಹೆಚ್ಚೆಂದರೆ 20 ಸಾವಿರ ಹರ್ಟ್ಸ್‌ವರೆಗೆ ಕೇಳುತ್ತದೆ, ನಾಯಿಗೆ ಸುಮಾರು 45 ಸಾವಿರದವರೆಗೆ. ನಮಗೆ ಕೇಳಿಸದ, ಅದಕ್ಕೆ ಮಾತ್ರ ಕೇಳಿಸುವ ಸೀಟಿಯೊಂದನ್ನು ಆನ್‌ಲೈನಿನಲ್ಲಿ ತರಿಸಿದೆ. ಅದನ್ನು ಮೊದಲು ಮಾಡಿದವನು ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್. ಯಾವ ಪ್ರಾಣಿಗೆ ಎಷ್ಟು ಕೇಳುತ್ತದೆ ಎಂದು ತಿಳಿಯಲು ಅದನ್ನು ಊರುಗೋಲಿಗೆ ಸಿಕ್ಕಿಸಿಕೊಂಡು ಮೃಗಾಲಯ ಸುತ್ತಿದ್ದನಂತೆ. ಅವನದು ಕೇಳಿ ತಿಳಿಯುವ ಸೀಟಿ, ನನ್ನದು ಬಾಯಿ ಮುಚ್ಚಿಸುವ ಸೀಟಿ. ಊದಿದೆ. ರಾಕಿ ಒಂದು ಕ್ಷಣ ಸುಮ್ಮನಾಗಿ, ಕಿಟಕಿಯ ಕಡೆ ತಿರುಗಿ, ದುಪ್ಪಟ್ಟು ಜೋರಾಗಿ ಬೊಗಳಿತು. ಉಳಿದದ್ದು ಬಾಯಿ. ‘ಹಚಾ! ಹಚಾ!’ ಎಂದು ಕಿಟಕಿಯಿಂದ ಕೂಗುತ್ತಿದ್ದೆ, ಟಾರ್ಚು ಬಿಡುತ್ತಿದ್ದೆ.

ಈ ವಿಷಯವನ್ನು ಪಶುವೈದ್ಯನಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಹತ್ತಿರ ತೋಡಿಕೊಂಡಾಗ ಅವನು ನಕ್ಕುಬಿಟ್ಟ. “ಸರ್, ನೀವು ಕೂಗಿದ್ರೆ ಅದಕ್ಕೆ ಬೈದ ಹಾಗಲ್ಲ, ನೀವೂ ಜೊತೆಗೆ ಬೊಗಳಿದ ಹಾಗೆ.” ಕಟ್ಟಿಹಾಕಿದ ನಾಯಿಗೆ ಸದ್ದು ಕೇಳಿದರೆ ಹೋಗಿ ನೋಡಿ ಬರಲು ಆಗುವುದಿಲ್ಲ, ಅದಕ್ಕೇ ಬೊಗಳುತ್ತದೆ ಎಂದ. ಸಂಜೆ ಚೆನ್ನಾಗಿ ಓಡಾಡಿಸಿ, ಮನೆಯವರ ಹತ್ತಿರ ಮಲಗಲು ಬಿಟ್ಟರೆ ಅರ್ಧ ತಾಪತ್ರಯ ಕಳೆಯುತ್ತದಂತೆ. ವಯಸ್ಸಾದ ನಾಯಿಯಾದರೆ ಕಣ್ಣು ಕಿವಿ ಮಂದವಾಗಿ, ನೆನಪು ತಪ್ಪಿ, ಗಾಬರಿಗೇ ರಾತ್ರಿ ಬೊಗಳುವುದುಂಟು ಎಂದೂ ಹೇಳಿದ. “ಹೋಗಿ ಅವರ ಹತ್ರ ಮಾತಾಡಿ ಸರ್” ಎಂದು ಫೋನಿಟ್ಟ.

ನನ್ನ ಹೆಂಡತಿಯೂ ಅದನ್ನೇ ಹೇಳುತ್ತಿದ್ದಳು. “ರೀ, ಒಂದ್ಸಲ ಹೋಗಿ ಹೇಳ್ರೀ. ಅವರೇನು ಹುಲೀನಾ?” ಹುಲಿಯಲ್ಲ. ಗಂಡ ನಂಜನಗೂಡಿನ ಕಡೆ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸದವರು, ಎದುರು ಸಿಕ್ಕರೆ ‘ನಮಸ್ಕಾರ ಮೇಷ್ಟ್ರೇ’ ಎನ್ನುವ ಸಂಭಾವಿತರು. ಆಕೆ, ಐದು ವರ್ಷದ ಮಗಳು. ನಾನೂ ನಕ್ಕು ನಮಸ್ಕಾರ ಹೇಳಿ, ಒಳಗೆ ಬಂದು ಹಾಜರಿ ಪುಸ್ತಕ ತೆಗೆಯುತ್ತಿದ್ದೆ. ಹತ್ತು ತಿಂಗಳು ಹೀಗೇ ನಡೆಯಿತು. ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ ಎಂಬ ಸಂಕೋಚ ಎಂದುಕೊಂಡಿದ್ದೆ. ಸಂಕೋಚ ಅಷ್ಟಿಷ್ಟು ಇತ್ತು. ಹೆಚ್ಚಾಗಿ ಇದ್ದದ್ದು, ಹೇಳದೆಯೇ ಅವರಿಗೆ ಗೊತ್ತಾಗಬೇಕು ಎಂಬ ಜಂಬ.

2023ರ ಜನವರಿಯ ಒಂದು ರಾತ್ರಿ, ಎರಡೂವರೆಗೆ, ಮರುದಿನದ ಪೂರ್ವಸಿದ್ಧತಾ ಪರೀಕ್ಷೆಯ ಚಿಂತೆಯಲ್ಲಿ ಎದ್ದು ಕೂತವನು 112ಕ್ಕೆ ಫೋನ್ ಮಾಡಿದೆ. ಹೆಸರು ಹೇಳಬೇಡಿ ಎಂದು ಕೇಳಿಕೊಂಡೆ. ಪೊಲೀಸರು ಬಂದರು. ಲೈಟು ಆರಿಸಿ, ಪರದೆಯ ಸಂದಿಯಿಂದ ನೋಡುತ್ತಾ ನಿಂತೆ. ಗೇಟು ಬಡಿದ ಸದ್ದು, ರಾಕಿಯ ಬೊಗಳು, ಮಗುವಿನ ಅಳು. ಬಾಗಿಲು ತೆರೆಯಲು ತುಂಬಾ ಹೊತ್ತಾಯಿತು. ತೆರೆದಾಗ ಆಕೆ ಒಬ್ಬರೇ ಮಗುವನ್ನು ಎತ್ತಿಕೊಂಡು ನಿಂತಿದ್ದರು. ಗಂಡನಿಗೆ ಆ ವಾರ ರಾತ್ರಿ ಪಾಳಿ. ಕಾರ್ಖಾನೆಯಲ್ಲಿ ಅವರಿಗೇನೋ ಆಗಿದೆ, ಅದನ್ನು ಹೇಳಲು ಪೊಲೀಸರು ಬಂದಿದ್ದಾರೆ ಎಂದುಕೊಂಡರಂತೆ. ಇದು ಆಮೇಲೆ ನನ್ನ ಹೆಂಡತಿಯಿಂದ ತಿಳಿದದ್ದು.

ಮರುದಿನ ಸಂಜೆ ಆತ ನಮ್ಮ ಗೇಟಿನ ಹತ್ತಿರ ಬಂದರು. ನಾನೇ ಎಂದು ಊಹಿಸಲು ಪತ್ತೇದಾರಿಕೆ ಬೇಕಿರಲಿಲ್ಲ, ಆ ಓಣಿಗೆ ತೆರೆಯುವ ಕಿಟಕಿ ಇರುವುದೇ ನಮ್ಮದು. ಜಗಳ ಮಾಡಲಿಲ್ಲ. “ಒಂದು ಮಾತು ಹೇಳಬಹುದಿತ್ತಲ್ವಾ ಮೇಷ್ಟ್ರೇ” ಎಂದರು, ಅಷ್ಟೇ. ಆ ಭಾನುವಾರ ರಾಕಿಯನ್ನು ಟೆಂಪೋದಲ್ಲಿ ಹತ್ತಿಸಿ ತಿ. ನರಸೀಪುರದ ಹತ್ತಿರದ ಆಕೆಯ ತವರಿನ ತೋಟಕ್ಕೆ ಕಳಿಸಿದರು. ಆ ರಾತ್ರಿ ನನಗೆ ಒಳ್ಳೆಯ ನಿದ್ದೆ ಬಂತು. ಸುಳ್ಳು ಹೇಳಲಾರೆ, ಒಂದು ತಿಂಗಳು ಚೆನ್ನಾಗಿಯೇ ನಿದ್ದೆ ಮಾಡಿದೆ.

ಆ ಯುಗಾದಿಗೆ ಅವರ ಮನೆಯಿಂದ ಒಬ್ಬಟ್ಟು ಬರಲಿಲ್ಲ. ಹಬ್ಬ ಕಳೆದು ಕೆಲವು ದಿನಕ್ಕೆ, ನಡುರಾತ್ರಿ ಎಚ್ಚರವಾಗಿ ಮಲಗಿದ್ದಾಗ ಪರದೆಯ ಮೇಲೆ ಫಳ್ ಎಂದು ಬೆಳಕು ಬಿತ್ತು. ಒಂದು ನಿಮಿಷಕ್ಕೆ ಆರಿತು. ಮತ್ತೆ ಬಿತ್ತು. ಎದ್ದು ನೋಡಿದರೆ ಕಾಂಪೌಂಡಿನ ಮೇಲೆ ಹೆಗ್ಗಣ. ಬೆಳಕು ನಮ್ಮ ಸೆನ್ಸರ್ ಲೈಟಿನದು. ಬೀದಿಯ ಕೊನೆಯ ಮನೆಯಲ್ಲಿ ಹಿಂಬಾಗಿಲು ಮುರಿದು ಕಳ್ಳತನವಾದ ಮೇಲೆ, 2022ರ ಮಾರ್ಚಿನಲ್ಲಿ ನಾನೇ ಹಾಕಿಸಿದ್ದು. ಬಿಸಿಯುಳ್ಳ ಮೈ ಮುಂದೆ ಹಾದರೆ ಹತ್ತಿಕೊಳ್ಳುವ ಜಾತಿಯದು. ಅದಕ್ಕೆ ಕಳ್ಳನೂ ಒಂದೇ, ಹೆಗ್ಗಣವೂ ಒಂದೇ. ನಾಯಿ ನೆಗೆದಾಡಿದರೂ ಅದು ಹತ್ತುತ್ತದೆ.

ಹಾಜರಿ ಪುಸ್ತಕ ತೆಗೆದೆ. ಮೊದಲ ನಮೂದು 2022ರ ಏಪ್ರಿಲ್ ಮೊದಲ ವಾರದ್ದು. ಸೆಪ್ಟೆಂಬರ್ ಕೊನೆಯಲ್ಲಿ ಒಂಬತ್ತು ಸಾಲು ಸತತವಾಗಿ ಖಾಲಿ. ಷರಾ: ‘ಪಕ್ಕದವರು ಊರಿಗೆ ಹೋಗಿರಬೇಕು.’ ಹೋಗಿರಲಿಲ್ಲ. ನವರಾತ್ರಿಯ ಆ ವಾರವೇ ನನ್ನ ಹೆಂಡತಿ ಅವರ ಮನೆಯ ಗೊಂಬೆ ನೋಡಿ ಬಾಗಿನ ತಂದಿದ್ದಳು. ದಸರೆಗೆ ನಮ್ಮ ಮನೆಗೆ ಬಣ್ಣ ಹೊಡೆಸಿದ್ದೆವು. ಬಣ್ಣದವರು ಹೊರಗಿನ ಲೈಟುಗಳನ್ನೆಲ್ಲ ಬಿಚ್ಚಿಟ್ಟಿದ್ದರು. ಒಂಬತ್ತು ದಿನ. ಮಕ್ಕಳಿಗೆ ಕೋಷ್ಟಕ ನೋಡಿ ಸಂಬಂಧ ಗುರುತಿಸಲು ಕಲಿಸುವವನು ನಾನು.

ಮರುದಿನ ಪಕ್ಕದ ಮನೆಯ ಗೇಟು ತೆರೆದು ಒಳಗೆ ಹೋದೆ. ಅವರು ಅಲ್ಲಿಗೆ ಬಂದ ಮೇಲೆ ಅದೇ ಮೊದಲು. ಲೈಟಿನ ವಿಷಯ ಹೇಳಿದೆ, ತಪ್ಪಾಯಿತಮ್ಮಾ ಎಂದೆ. ಆಕೆ ಕಾಫಿ ಕೊಟ್ಟು, ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಲ್ಲ ಸರ್, ಅದು ಬೊಗಳ್ತಾ ಇದ್ರೆನೇ ನಂಗೆ ನಿದ್ದೆ ಬರೋದು” ಎಂದರು. ಆ ಕಳ್ಳತನದ ಭಯಕ್ಕೇ ಅವರೂ ನಾಯಿಯನ್ನು ಹಿಂಬಾಗಿಲಿಗೆ ಕಟ್ಟಿದ್ದಂತೆ. ಗಂಡನಿಲ್ಲದ ರಾತ್ರಿ, ಮಹಡಿಯ ಮೇಲಿನ ಮುಂದಿನ ರೂಮಿನಲ್ಲಿ ಅದರ ಸದ್ದು ದೂರದಿಂದ ಕೇಳುತ್ತಿದ್ದರೆ ಧೈರ್ಯ. ನಿಮಗೆ ತೊಂದರೆಯಾಗುತ್ತಿದೆ ಎಂದು ಗೊತ್ತಿದ್ದರೆ ಮುಂದೆ ಕಟ್ಟುತ್ತಿದ್ದೆವು ಎಂದರು. ಇರಬಹುದು. ಅವರದ್ದೂ ತಪ್ಪಿಲ್ಲದಿಲ್ಲ. ನಾಯಿಯನ್ನು ಓಡಾಡಿಸದೆ ಸದಾ ಕಟ್ಟಿಹಾಕುವುದು ಪ್ರಾಣಿಹಿಂಸೆ ಎಂದು 1960ರ ಕಾಯ್ದೆಯ 11ನೇ ಸೆಕ್ಷನ್ ಹೇಳುತ್ತದೆ. ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಅಷ್ಟೆಲ್ಲ ಕಾನೂನು ಓದಿದವನು ಅದನ್ನು ಮಾತ್ರ ಓದಿರಲಿಲ್ಲ, ಅದರಲ್ಲಿ ನನ್ನ ನಿದ್ದೆಯ ಮಾತಿರಲಿಲ್ಲವಲ್ಲ.

ರಾಕಿಯನ್ನು ವಾಪಸ್ ಕರೆಸಿ ಎಂದೆ. ತೋಟದಲ್ಲಿ ಸರಪಳಿಯಿಲ್ಲದೆ ಓಡಾಡಿಕೊಂಡಿದೆ, ಅಲ್ಲೇ ಇರಲಿ ಬಿಡಿ ಎಂದರು.

ಸೆನ್ಸರ್ ತೆಗೆಸಿ ಸಾದಾ ಸ್ವಿಚ್ಚು ಹಾಕಿಸಿದ್ದೇನೆ. ನಾಯಿ ಇಲ್ಲದ ಮೇಲೆ ಅವರು ಹಿಂಬಾಗಿಲಿಗೆ ದೊಡ್ಡದೊಂದು ಲೈಟು ಹಾಕಿಸಿ ರಾತ್ರಿಯಿಡೀ ಉರಿಸುತ್ತಾರೆ. ಅದರ ಬೆಳಕು ನೇರ ನಮ್ಮ ಕಿಟಕಿಗೆ ಬೀಳುತ್ತದೆ. ದಪ್ಪ ಬಟ್ಟೆಯ ಪರದೆ ಹೊಲಿಸಿಕೊಂಡಿದ್ದೇವೆ.