ಕತ್ತರಿಯೂ ಕಾಗದವೂ

ಕತ್ತರಿ, ಅಂಟು, ಹಳೆಯ ಕಾಗದ ಇವು ಕೈಕೆಲಸದ ತರಗತಿಯಲ್ಲಿ ಪ್ರತಿಯೊಬ್ಬ ಬಾಲಿಕೆಗೂ ಪರಿಚಿತವಾದ ಸಾಮಾನುಗಳು. ಇಂಥ ಅಲ್ಪವಸ್ತುಗಳಿಂದಲೇ ಲೋಕದ ಅನ್ಯಾಯವನ್ನು ವಿಚಾರಣೆಗೆ ನಿಲ್ಲಿಸಬಹುದೆಂಬುದನ್ನು ಆಫ್ರಿಕ ಖಂಡದ ಕಲಾವಿದೆಯೊಬ್ಬರು ತೋರಿಸಿಕೊಟ್ಟಿರುವರು. ಆಕೆಯ ಹೆಸರು ವಾಂಗೇಚಿ ಮೂಟು.

ಈಕೆಯು 1972ರಲ್ಲಿ ಕೆನ್ಯಾ ದೇಶದ ನೈರೋಬಿಯಲ್ಲಿ ಜನಿಸಿದರು. ಅಲ್ಲಿಯ ಲೊರೆಟೊ ಕಾನ್ವೆಂಟ್ ಕನ್ಯಾಶಾಲೆಯಲ್ಲಿ ಓದಿದರು. ಅನಂತರ ವೇಲ್ಸಿನಲ್ಲಿಯೂ ನ್ಯೂಯಾರ್ಕಿನಲ್ಲಿಯೂ ವ್ಯಾಸಂಗ ಮಾಡಿ, 2000ದಲ್ಲಿ ಯೇಲ್ ವಿಶ್ವವಿದ್ಯಾನಿಲಯದಿಂದ ಕಲೆಯಲ್ಲಿ ಪದವಿಯನ್ನು ಪಡೆದರು.

ಬೇರೆ ಬೇರೆ ಕಾಗದಗಳ ತುಂಡುಗಳನ್ನು ಅಂಟಿಸಿ ಹೊಸ ಚಿತ್ರವನ್ನು ರಚಿಸುವುದಕ್ಕೆ ಕೊಲಾಜ್ ಎಂದು ಹೆಸರು. ಮೂಟುರವರು ಉಡುಪುಗಳ ಬೆಡಗಿನ ಪತ್ರಿಕೆಗಳಿಂದ ಕಣ್ಣು ತುಟಿಗಳನ್ನೂ, ದೇಶಸಂಚಾರದ ಪತ್ರಿಕೆಗಳಿಂದ ಮೃಗಗಳ ರೋಮವನ್ನೂ, ವಾಹನಗಳ ಚಿತ್ರಗಳಿಂದ ಯಂತ್ರದ ಭಾಗಗಳನ್ನೂ ಕತ್ತರಿಸಿ ತೆಗೆದು, ಶಾಯಿಯ ಬಣ್ಣಗಳೊಡನೆ ಅವನ್ನು ಸ್ತ್ರೀರೂಪಗಳಾಗಿ ಜೋಡಿಸುವರು.

2001ರ ಒಂದು ಚಿತ್ರಮಾಲೆಯಲ್ಲಿ ಸ್ತ್ರೀಯರು ವಿಲಾಸದಿಂದ ನಿಂತಿರುವರು. ದೂರದಿಂದ ನೋಡಿದವರಿಗೆ ಅಂದವೇ ಕಾಣುವುದು. ಸಮೀಪಕ್ಕೆ ಬಂದರೆ ಒಬ್ಬಳಿಗೆ ಕೈಯಿಲ್ಲ, ಮತ್ತೊಬ್ಬಳಿಗೆ ಕಾಲಿಲ್ಲ. 1991ರಿಂದ 2002ರ ವರೆಗೆ ಸಿಯೆರಾ ಲಿಯೋನಿನಲ್ಲಿ ನಡೆದ ಅಂತರ್ಯುದ್ಧದಲ್ಲಿ ನಿರಪರಾಧಿಗಳ ಕೈಕಾಲುಗಳು ಕಡಿಯಲ್ಪಟ್ಟವು. ಆ ಯುದ್ಧಕ್ಕೆ ವಜ್ರದ ವ್ಯಾಪಾರವು ಹಣವನ್ನೊದಗಿಸಿತು. ಉಂಗುರವನ್ನು ತೊಟ್ಟ ಕೈಗೂ ಕಡಿದುಬಿದ್ದ ಕೈಗೂ ಉಳ್ಳ ಸಂಬಂಧವನ್ನು ಈ ಚಿತ್ರಗಳು ನಮ್ಮೆದುರಿಗೆ ಇಡುತ್ತವೆ.

2006ರ ಮತ್ತೊಂದು ಮಾಲೆಯಲ್ಲಿ ಹನ್ನೆರಡು ಚಿತ್ರಗಳಿವೆ. ಸ್ತ್ರೀಯರ ಗರ್ಭಕೋಶದ ರೋಗಗಳನ್ನು ತೋರಿಸುವ ಹಳೆಯ ವೈದ್ಯಗ್ರಂಥದ ಪುಟಗಳೇ ಇವುಗಳಿಗೆ ಆಧಾರ. ಆ ಪುಟಗಳ ಮೇಲೆ ಕಣ್ಣು, ಬಾಯಿ, ಮಿನುಗುವ ಚೂರುಗಳು ಅಂಟಿಸಲ್ಪಟ್ಟು ಮುಖಗಳಾಗಿವೆ. ಯಾವ ಪುಟದಲ್ಲಿ ಹೆಣ್ಣು ಕೇವಲ ಪರೀಕ್ಷೆಯ ವಸ್ತುವಾಗಿದ್ದಳೋ ಅದೇ ಪುಟದಿಂದ ಈಗ ಅವಳು ನೋಡುವವರನ್ನು ದಿಟ್ಟಿಸುತ್ತಾಳೆ.

ಈ ಚಿತ್ರಗಳು ಮನೋಹರವಾದವುಗಳೆಂದು ನಾವು ಹೇಳಲಾರೆವು. ಇವನ್ನು ನೋಡಿದಾಗ ನಮ್ಮಲ್ಲಿ ಒಂದು ವಿಧವಾದ ಅಸಹ್ಯವು ಹುಟ್ಟುವುದು. ಆದರೆ ಆ ಅಸಹ್ಯವೇ ಇವುಗಳ ಪ್ರಯೋಜನವೆಂಬುದು ನಮ್ಮ ಅಭಿಪ್ರಾಯ. ಮೂಟುರವರು ಕತ್ತರಿಯ ಗುರುತನ್ನಾಗಲಿ ಕೂಡಿಕೆಯನ್ನಾಗಲಿ ಮರೆಮಾಡುವುದಿಲ್ಲ. ಸ್ತ್ರೀಯ ಅಂಗಾಂಗಗಳನ್ನು ಬಿಡಿಬಿಡಿಯಾಗಿ ಅಳೆದು ಬೆಲೆ ಕಟ್ಟಿದ ಕಾಗದಗಳು ಇಲ್ಲಿ ತಮಗೆ ವಿರೋಧವಾಗಿ ತಾವೇ ಸಾಕ್ಷಿ ನುಡಿಯುತ್ತವೆ.

ಸಹೋದರಿಯರೇ, ಮೈಬಣ್ಣವನ್ನು ತಿಳಿಗೊಳಿಸುವೆವೆಂದು ಸಾರುವ ಜಾಹೀರಾತುಗಳು ನಮ್ಮ ಮನೆಗಳಿಗೂ ಬರುತ್ತವೆ. ಅವುಗಳ ಮುಂದೆ ನಾವು ಎಷ್ಟು ಸಲ ನಮ್ಮನ್ನು ಅಳೆದುಕೊಂಡಿದ್ದೇವೆ! ಅಳೆಯುವ ಕೋಲು ಯಾರದು, ಅದರಿಂದ ಲಾಭ ಯಾರಿಗೆ ಎಂದು ಕೇಳುವ ಧೈರ್ಯವನ್ನು ಈ ಚಿತ್ರಗಳು ಕಲಿಸುತ್ತವೆ.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದ ಮುಂಗೋಡೆಯಲ್ಲಿ ಪ್ರತಿಮೆಗಳಿಗೋಸ್ಕರ ನಿರ್ಮಿಸಿದ ಗೂಡುಗಳು 1902ರಿಂದಲೂ ಬರಿದಾಗಿದ್ದವು. 2019ರಲ್ಲಿ ಅವುಗಳಲ್ಲಿ ಮೂಟುರವರು ರಚಿಸಿದ ನಾಲ್ಕು ಕಂಚಿನ ಸ್ತ್ರೀಪ್ರತಿಮೆಗಳು ಇಡಲ್ಪಟ್ಟವು. ಹಳೆಯ ಕಟ್ಟಡಗಳ ಕಂಬಗಳಲ್ಲಿ ಕೆತ್ತಲ್ಪಟ್ಟ ಸ್ತ್ರೀಯರು ಮಾಳಿಗೆಯನ್ನು ತಲೆಯ ಮೇಲೆ ಹೊತ್ತು ನಿಂತಿರುವರು. ಈ ನಾಲ್ವರಾದರೋ ಯಾವ ಭಾರವನ್ನೂ ಹೊರದೆ, ತಲೆಯೆತ್ತಿ ಕುಳಿತಿರುವರು.