ನೇಸರಗಿಯಲ್ಲಿ ಲತಾ ಸೋತ ಸಂಜೆ!

ಚಿತ್ರರಸಿಕ ಮಿತ್ರರೇ, ಮೊದಲು ಒಂದು ಪ್ರಶ್ನೆ. ಹಾಡು ಮರೆತುಹೋಯಿತು ಅಂದರೆ ಏನರ್ಥ? ಯಾರು ಮರೆತರೆ ಮರೆತಂತೆ? ಬೆಂಗಳೂರಿನವರು ಮರೆತರೆ ಸಾಕೇ, ಇಲ್ಲಾ ನಮ್ಮ ನೇಸರಗಿಯವರೂ ಮರೆಯಬೇಕೇ?

ಈ ಪ್ರಶ್ನೆ ಇಟ್ಟುಕೊಂಡು ನಾವೊಂದು ಎಂಟು ಜನ ಗೆಳೆಯರು ನೇಸರಗಿ ಬಸ್‌ಸ್ಟ್ಯಾಂಡಿನ ಎದುರಿನ ಚಾದಂಗಡಿಯಲ್ಲಿ ವರ್ಷಗಟ್ಟಲೆ ಜಗಳ ಆಡಿದ್ದೇವೆ. ಬೈಲಹೊಂಗಲ ಬಸ್ಸು ಬಂತು, ಹೋಯಿತು. ಬೆಳಗಾವಿ ಬಸ್ಸು ಬಂತು, ಹೋಯಿತು. ಯರಗಟ್ಟಿ ಕಡೆಯ ಕೊನೆಯ ಬಸ್ಸೂ ಹೋಯಿತು. ಜಗಳ ಮಾತ್ರ ಮುಗಿಯಲಿಲ್ಲ!

ನಮ್ಮ ಆಟದ ನಿಯಮ ಸರಳ. ಒಬ್ಬೊಬ್ಬರೂ ಒಂದೊಂದು ‘ಮರೆತುಹೋದ’ ಹಾಡು ತರಬೇಕು. ಚಿತ್ರ ಯಾವುದು, ಸಂಗೀತ ಯಾರದು, ಹಾಡಿದವರು ಯಾರು ಎಂದು ಹೇಳಬೇಕು. ಪಲ್ಲವಿ ಹಾಡಿದರೆ ಸಾಲದು, ಎರಡನೇ ನುಡಿಯೂ ಬಾಯಿಗೆ ಬರಬೇಕು. ಉಳಿದವರು ಕೈ ಎತ್ತಿ ತೀರ್ಪು ಕೊಡಬೇಕು. ಸೋತವನು ಎಲ್ಲರಿಗೂ ಚಹಾ ಕುಡಿಸಬೇಕು. ಮೊಬೈಲು ಇನ್ನೂ ಹುಟ್ಟಿರದ ಕಾಲ. ನೆನಪೇ ಪುರಾವೆ, ಗಂಟಲೇ ರೆಕಾರ್ಡು.

ನಮ್ಮ ಸೀಮೆಯ ಕಥೆ ನಿಮಗೆ ಗೊತ್ತೇ ಇದೆ. ಬೆಳಗಾವಿ ಥೇಟರುಗಳಲ್ಲಿ ಹಿಂದಿ, ಮರಾಠಿ ಚಿತ್ರಗಳ ಜೋರು. ರೇಡಿಯೋ ಹಚ್ಚಿದರೆ ಸಿಲೋನಿನಿಂದ ಅಮೀನ್ ಸಯಾನಿಯವರ ಗೀತಮಾಲಾ. ಹೀಗಾಗಿ ನಮ್ಮ ಹುಡುಗರ ಬಾಯಲ್ಲಿ ಮೊದಲು ರಫಿ, ಕಿಶೋರ್, ಆಮೇಲೆ ಪಿ.ಬಿ.ಎಸ್. ಕನ್ನಡ ಹಾಡಿಗೆ ನಮಗಿದ್ದ ದೊಡ್ಡ ಆಸರೆ ಧಾರವಾಡ ಆಕಾಶವಾಣಿ. 1950ರಲ್ಲಿ ಶುರುವಾದ ಆ ಕೇಂದ್ರಕ್ಕೆ ಕಾರ್ಡು ಬರೆದು, ಊರ ಹೆಸರಿನ ಜೊತೆ ನಮ್ಮ ಹೆಸರೂ ಕೇಳಿಬಂದರೆ ಅವತ್ತು ನಾವೇ ರಾಜಕುಮಾರ!

ಹಾಡು ಮರೆತುಹೋಗುವ ಗುಟ್ಟೂ ಅಲ್ಲೇ ಇತ್ತು. ಜನ ಕೇಳಿದ್ದನ್ನು ರೇಡಿಯೋದವರು ಹಾಕುತ್ತಿದ್ದರು. ರೇಡಿಯೋದವರು ಹಾಕಿದ್ದನ್ನೇ ಜನ ಮತ್ತೆ ಕೇಳುತ್ತಿದ್ದರು. ಚಿತ್ರ ನಾಲ್ಕು ದಿನಕ್ಕೆ ಟೆಂಟು ಬಿಟ್ಟು ಹೋಗಿದ್ದರೆ ಅದರ ಹಾಡಿಗೆ ಕಾರ್ಡು ಬರೆಯುವವರು ಯಾರು? ಕ್ಯಾಸೆಟ್ಟಿನ ಕಾಲ ಬಂದ ಮೇಲಂತೂ ನೂರು ದಿನ ಓಡಿದ ಚಿತ್ರಗಳ ಹಾಡೇ ಮತ್ತೆ ಮತ್ತೆ ಅಚ್ಚಾದವು. ಉಳಿದವು ಹಳೇ ರೆಕಾರ್ಡಿನ ಗೆರೆಯಲ್ಲಿ, ಮೂಲೆ ಹರಿದ ಹಾಡಿನ ಪುಸ್ತಕದಲ್ಲಿ ಉಳಿದುಕೊಂಡವು.

ಪಂದ್ಯದ ಕಣ

1988ರ ಮಳೆಗಾಲದ ಒಂದು ಸಂಜೆ. ಕಿಶೋರ್ ಕುಮಾರ್ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಸೈಕಲ್ ಅಂಗಡಿಯ ಗೆಳೆಯ ‘ಕುಳ್ಳ ಏಜೆಂಟ್ 000’ ಎತ್ತಿದ. 1972ರ ದ್ವಾರಕೀಶ್ ಚಿತ್ರ, ರಾಜನ್-ನಾಗೇಂದ್ರ ಸಂಗೀತ, ಕಿಶೋರ್ ಕುಮಾರ್ ಕನ್ನಡದಲ್ಲಿ ಹಾಡಿದ ಗೀತೆ.

‘ಲೇ, ಅದು ಮರತ ಹಾಡೇನಲೇ? ಗಣಪತಿ ಪೆಂಡಾಲದಾಗ ದಿನಾ ಹಚ್ಚತಾರ!’ ಎಂದು ಎಲ್ಲರೂ ಒಂದೇ ಸಲ ಕೂಗಿದರು. ಅವನು ಔಟ್.

ನಾನು ಮೊಹಮ್ಮದ್ ರಫಿಯವರನ್ನು ಕರೆತಂದೆ. 1967ರ ‘ಒಂದೇ ಬಳ್ಳಿಯ ಹೂಗಳು’. ಸತ್ಯಂ ಸಂಗೀತ, ಗೀತಪ್ರಿಯ ಅವರ ಸಾಹಿತ್ಯ. ಚಿತ್ರದ ಕಥೆ ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ತಲೆ ಕೆರೆದುಕೊಳ್ಳುತ್ತಾರೆ, ಹಾಡು ಮಾತ್ರ ಬದುಕಿದೆ. ನಾನು ಎರಡೂ ನುಡಿ ಹಾಡಿದೆ. ಚಪ್ಪಾಳೆ!

ನಮ್ಮಲ್ಲೊಬ್ಬ ಕನ್ನಡ ಶಾಲೆ ಮಾಸ್ತರನಿದ್ದ. ಅವನದು ಬೇರೆ ವಾದ. ‘ಮುಂಬೈಯವರು ಒಂದು ಹಾಡು ಹಾಡಿ ಹ್ವಾದ್ರ ಅದನ್ನ ಎತ್ತಿ ಕುಣಿಸ್ತೀರಿ. ನಮ್ಮವರ ಹಾಡು ಯಾರ ಕೇಳಬೇಕು?’ ಎಂದು ‘ಕಾಡು ಕುದುರೆ’ ಹಿಡಿದು ಕೂತ. ನಮ್ಮ ಬೆಳಗಾವಿ ಜಿಲ್ಲೆಯ ಘೋಡಗೇರಿಯ ಚಂದ್ರಶೇಖರ ಕಂಬಾರರ ಚಿತ್ರ. ಅದರ ಹಾಡಿಗೆ ಶಿವಮೊಗ್ಗ ಸುಬ್ಬಣ್ಣನವರಿಗೆ 1978ನೇ ಸಾಲಿನ ರಾಷ್ಟ್ರಪ್ರಶಸ್ತಿ ಬಂತು. ಹಿನ್ನೆಲೆ ಗಾಯನಕ್ಕೆ ಆ ಪ್ರಶಸ್ತಿ ಪಡೆದ ಮೊದಲ ಕನ್ನಡಿಗ ಅವರು.

‘ರಾಷ್ಟ್ರಪ್ರಶಸ್ತಿ ಬಂದದ್ದು ಮರತದ್ದು ಹ್ಯಾಂಗ ಆಗತೈತಿ?’ ಎಂದು ಟೇಲರ್ ದೋಸ್ತ ತಕರಾರು ತೆಗೆದ. ಮಾಸ್ತರ ಕೇಳಿದ ಮರುಪ್ರಶ್ನೆ ಇನ್ನೂ ನನ್ನ ಕಿವಿಯಲ್ಲಿದೆ: ‘ಪ್ರಶಸ್ತಿ ನೆನಪೈತಿ. ಎರಡನೇ ನುಡಿ ಹೇಳು ನೋಡೋಣು!’ ಟೇಲರ್ ಸುಮ್ಮನಾದ.

ಹೀಗೆ ರಂಗೇರಿದಾಗ ಪಕ್ಕದ ಬೆಂಚಿನಿಂದ ಒಂದು ದನಿ ಬಂತು. ‘ಹುಡುಗ್ರಾ, ನಂದೊಂದು ಹಾಡು ಐತಿ. ತಗೋತೀರೇನು?’

ಅವರನ್ನು ಊರೆಲ್ಲ ಕಾಕಾ ಅಂತಲೇ ಕರೆಯುತ್ತಿತ್ತು. ವಯಸ್ಸಿನಲ್ಲಿದ್ದಾಗ ಟೂರಿಂಗ್ ಟಾಕೀಜಿನಲ್ಲಿ ಕೆಲಸ. ಬಸ್ಸಿನ ಮೇಲೆ ಬಂದ ರೀಲಿನ ಪೆಟ್ಟಿಗೆ ಇಳಿಸಿಕೊಳ್ಳುವುದು, ಪ್ರೊಜೆಕ್ಟರಿಗೆ ಕಾರ್ಬನ್ ಕಡ್ಡಿ ಹಾಕುವುದು, ಆಟ ಶುರುವಾಗುವ ಮೊದಲು ಹಾರ್ನಿನಲ್ಲಿ ರೆಕಾರ್ಡು ಹಚ್ಚಿ ಊರಿಗೆ ಕೇಳಿಸುವುದು. ಟೆಂಟು ಎದ್ದು ಹೋದ ಮೇಲೆ ಹೊಲ-ಮನೆ ನೋಡಿಕೊಂಡಿದ್ದರು.

ಕಾಕಾ ಕಣ್ಣು ಮುಚ್ಚಿ ಒಡಕು ದನಿಯಲ್ಲಿ ಹೆಣ್ಣು ಹಾಡು ಶುರುಮಾಡಿದರು. ‘ಬೆಳ್ಳನೆ ಬೆಳಗಾಯಿತು’ ಎಂಬ ಹಾಡು. ನಾವು ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. ಅವರು ನಿಲ್ಲಿಸಲಿಲ್ಲ. ಮೊದಲ ನುಡಿ, ಎರಡನೇ ನುಡಿ, ಎಲ್ಲೂ ತಡವರಿಸದೆ ಮುಗಿಸಿ, ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ, 1967. ಹಾಡಿದಾಕಿ ಲತಾ ಮಂಗೇಶ್ಕರ್’ ಅಂದರು.

ಅಂಗಡಿಯಲ್ಲಿ ನಗೆಯೋ ನಗೆ!

ನನ್ನ ಭಾಷಣ

ಆ ಹೊತ್ತು ಎದ್ದುನಿಂತು ಮಾತಾಡಿದವನು ನಾನು. ‘ಏನ್ರೀ ಕಾಕಾ, ರಾಜ್ ಕಪೂರಗ ಹಾಡೂ ಲತಾಬಾಯಿ ನಮ್ಮ ಸಂಗೊಳ್ಳಿ ರಾಯಣ್ಣಗ ಹಾಡತಾರೇನ್ರಿ? ಅದೂ ಕನ್ನಡದಾಗ? ಹಂಗ ಇದ್ದಿದ್ರ ನಾವು ದಿನಾ ರೇಡಿಯೋದಾಗ ಕೇಳತಿರಲಿಲ್ಲೇನು?’

ನೋಡಿ ನನ್ನ ಬುದ್ಧಿ! ರೇಡಿಯೋದಲ್ಲಿ ಬರದ ಹಾಡನ್ನು ಹುಡುಕುವುದೇ ನಮ್ಮ ಆಟ. ರೇಡಿಯೋದಲ್ಲಿ ಬಂದಿಲ್ಲ, ಆದ್ದರಿಂದ ಸುಳ್ಳು ಎಂಬುದು ನನ್ನ ವಾದ. ಆದರೂ ಎಲ್ಲರೂ ‘ಹೌದಲೇ’ ಅಂದರು.

ಸಂಗೊಳ್ಳಿ ಅಂದರೆ ದೂರವೇ? ನಮ್ಮ ಬೈಲಹೊಂಗಲ ತಾಲೂಕಿನ ಊರು, ಮಲಪ್ರಭೆಯ ದಂಡೆ. ಕಿತ್ತೂರು ಚೆನ್ನಮ್ಮನ ಸಮಾಧಿ ಇರುವುದು ಬೈಲಹೊಂಗಲದಲ್ಲಿ. ಅವಳ ಬಂಟ ರಾಯಣ್ಣನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೆ ಹಾಕಿದರು. ಲಾವಣಿ ಕೇಳುತ್ತ ಬೆಳೆದವರು ನಾವು. ಆದರೆ ದೊಡ್ಡದೆಲ್ಲ ದೂರದಲ್ಲೇ ಇರುತ್ತದೆ, ನಮ್ಮ ಊರ ಹತ್ತಿರ ಸುಳಿಯುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿತ್ತು.

‘ರೆಕಾರ್ಡಿನ ನಡುವಿನ ಚೀಟಿ ಮ್ಯಾಲ ಹೆಸರು ನಾನ ಓದೇನೋ ತಮ್ಮಾ’ ಎಂದರು ಕಾಕಾ. ‘ತೋರಸ್ರಿ ಹಂಗಾರ’ ಎಂದೆ. ಟೆಂಟಿನ ರೆಕಾರ್ಡು ಅವರ ಹತ್ತಿರ ಎಲ್ಲಿಂದ ಬರಬೇಕು? ಕೈ ಎತ್ತಿಸಿದೆವು. ಕಾಕಾ ಪರವಾಗಿ ಎದ್ದದ್ದು ಮಾಸ್ತರನ ಕೈ ಒಂದೇ.

ಕಾಕಾ ಎಂಟು ಚಹಾದ ರೊಕ್ಕ ಎಣಿಸಿ ಇಟ್ಟು, ಕೊಡೆ ಬಿಚ್ಚಿಕೊಂಡು ಮಳೆಯಲ್ಲಿ ಇಳಿದು ಹೋದರು. ಆಮೇಲೆ ಅಂಗಡಿಗೆ ಬರುತ್ತಿದ್ದರು, ಚಹಾ ಕುಡಿಯುತ್ತಿದ್ದರು. ಹಾಡಿನ ಮಾತು ಬಂದರೆ ಮಾತ್ರ ಎದ್ದು ಹೋಗುತ್ತಿದ್ದರು.

ಮಧ್ಯಾಹ್ನದ ರೇಡಿಯೋ

ಈಗ ಬರೆಯುವುದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಆ ಪಂದ್ಯ ಆಗಿ ತಿಂಗಳು ಕಳೆದಿರಬೇಕು. ಬೈಲಹೊಂಗಲದ ಅತ್ತೆಯ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಗೂಡಿನಲ್ಲಿ ಟ್ರಾನ್ಸಿಸ್ಟರು ತನ್ನಷ್ಟಕ್ಕೆ ಹಾಡುತ್ತಿತ್ತು. ಆಕಾಶವಾಣಿಯ ಅಕ್ಕನ ದನಿ ಹೇಳಿತು: ಚಿತ್ರ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ, ಸಾಹಿತ್ಯ ಭುಜೇಂದ್ರ ಮಹಿಷವಾಡಿ, ಸಂಗೀತ ಲಕ್ಷ್ಮಣ ಬರ್ಲೇಕರ್, ಗಾಯಕಿ ಲತಾ ಮಂಗೇಶ್ಕರ್.

ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. ಅದೇ ಹಾಡು! ಅದೇ ಎರಡನೇ ನುಡಿ, ಕಾಕಾ ಹಾಡಿದ ಹಾಗೆಯೇ.

ಅವತ್ತು ಸಂಜೆ ನೇಸರಗಿಯಲ್ಲಿ ಬಸ್ಸಿಳಿದಾಗ ಕಾಕಾ ಕಟ್ಟೆಯ ಮೇಲೆ ಕೂತಿದ್ದರು. ನನ್ನ ಕಡೆಯೇ ನೋಡಿದರು. ಗೆಳೆಯರೆಲ್ಲ ಅಂಗಡಿಯಲ್ಲಿದ್ದರು. ಹೇಳಬೇಕೆಂದು ಬಾಯಿ ತೆರೆದೆ. ‘ಬಾರಲೇ, ಲತಾನ್ನ ಸೋಲಿಸಿದ ವಕೀಲಾ!’ ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಾಳೆ ಹೇಳಿದರಾಯಿತು ಅಂದುಕೊಂಡೆ.

ನಾಳೆ ಬರಲಿಲ್ಲ. ನೌಕರಿ ಬಂತು, ಮದುವೆ ಬಂತು, ಊರು ಬದಲಾಯಿತು. ಒಂದು ವರ್ಷ ಜಾತ್ರೆಗೆ ಬಂದಾಗ ಕಾಕಾ ಹೋಗಿಬಿಟ್ಟಿದ್ದರು.

2022ರ ಫೆಬ್ರವರಿ 6, ಭಾನುವಾರ. ಲತಾ ಮಂಗೇಶ್ಕರ್ ಕಣ್ಣು ಮುಚ್ಚಿದರು. ಕನ್ನಡದ ಎಲ್ಲ ಟಿ.ವಿ.ಗಳಲ್ಲೂ ಅದೇ ಮಾತು: ಗಾನಕೋಗಿಲೆ ಕನ್ನಡದಲ್ಲಿ ಹಾಡಿದ್ದು ಸಂಗೊಳ್ಳಿ ರಾಯಣ್ಣನ ಚಿತ್ರಕ್ಕೆ! ತಂಗಿಯರಾದ ಆಶಾ, ಉಷಾ ಅವರೂ ಅದೇ ಚಿತ್ರಕ್ಕೆ ಹಾಡಿದ್ದರು ಎಂದು ಅವತ್ತೇ ಹಲವರಿಗೆ ತಿಳಿಯಿತು. ಟೇಲರ್ ದೋಸ್ತ ಫೋನು ಮಾಡಿದ. ‘ಲೇ... ಕಾಕಾ ಖರೇ ಹೇಳಿದ್ದರಲೋ.’ ಆಗ ನಾನು ಹೇಳಿದೆ: ‘ನನಗ ಆವಾಗ ಗೊತ್ತಾಗಿತ್ತಲೋ.’ ಅವನು ಬಹಳ ಹೊತ್ತು ಮಾತಾಡಲಿಲ್ಲ.

ಕಳೆದುಹೋದದ್ದು ಮತ್ತು ಬಚ್ಚಿಟ್ಟದ್ದು

ಹಾಡು ಕಳೆದುಹೋಗುವುದು ಎಲ್ಲ ಕಡೆಯೂ ಇದ್ದದ್ದೇ. ಬೀಟಲ್ಸ್ ಹುಟ್ಟಿದ ಬ್ರಿಟನ್ನಿನಲ್ಲೇ ನೋಡಿ. ಬಿ.ಬಿ.ಸಿ. 1964ರಲ್ಲಿ ‘ಟಾಪ್ ಆಫ್ ದಿ ಪಾಪ್ಸ್’ ಎಂಬ ಟಿ.ವಿ. ಕಾರ್ಯಕ್ರಮ ಶುರುಮಾಡಿತು. ಟೇಪು ದುಬಾರಿ ಎಂದು ಮೊದಲ ವರ್ಷಗಳ ಹೆಚ್ಚಿನ ಕಂತುಗಳನ್ನು ಅಳಿಸಿ, ಅದೇ ಟೇಪನ್ನು ಬೇರೆಯದಕ್ಕೆ ಬಳಸಿಕೊಂಡರು. ನಮ್ಮ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ ತಯಾರಾದದ್ದು ಇಲ್ಲೇ ಹತ್ತಿರದ ಕೊಲ್ಲಾಪುರದ ಛತ್ರಪತಿ ಸಿನಿಟೋನಿನಲ್ಲಿ, ತೆರೆ ಕಂಡದ್ದು 1934ರಲ್ಲಿ. ಅದರ ಒಂದು ಪ್ರತಿಯೂ ಉಳಿದಿಲ್ಲ. ಅವು ಕಳೆದುಹೋದವು.

ಆದರೆ ಕಾಕಾನ ಹಾಡು ಕಳೆದಿರಲಿಲ್ಲ. ನಮ್ಮೆದುರೇ ಎರಡು ನುಡಿ ಪೂರ್ತಿ ಬಂದು ನಿಂತಿತ್ತು. ನಾವು ಹೊರಗೆ ಹಾಕಿದೆವು. ಆಮೇಲೆ ನಾನೊಬ್ಬ ಬಚ್ಚಿಟ್ಟೆ.

ಆ ವಾರವೇ ಊರಿಗೆ ಹೋದೆ. ನಮ್ಮ ಎಂಟರಲ್ಲಿ ಉಳಿದವರು ಐವರು. ಕಾಕಾನ ಮಗನ ಕಿರಾಣಿ ಅಂಗಡಿಗೆ ಹೋಗಿ, ನಡೆದದ್ದನ್ನೆಲ್ಲ ಹೇಳಿ, ಎಂಟು ಚಹಾದ ಸಾಲ ಎಂದು ರೊಕ್ಕ ಮುಂದಿಟ್ಟೆ. ಅವನು ಮುಟ್ಟಲಿಲ್ಲ.

‘ಅವತ್ತ ರೇಡಿಯೋದಾಗ ಬಂದದ್ದು ಅಪ್ಪನೂ ಕೇಳಿದ್ದರೀ’ ಎಂದ. ‘ಅವ್ವನ್ನ ಕರದು ಕೇಳಸಿದ. ಈಗ ನೋಡು, ಹುಡುಗ್ರು ಯಾರರ ಒಬ್ಬ ಕೇಳಿರತಾನ, ಬಂದು ಹೇಳತಾನ ಅಂತ ಕತ್ತಲಾಗೂತನಕಾ ಕಟ್ಟಿಮ್ಯಾಲ ಕುಂತಿದ್ದ.’

ನನಗೆ ಮಾತು ಹೊರಡಲಿಲ್ಲ. ಮಾಸ್ತರ ನನ್ನ ಹೆಗಲ ಮೇಲೆ ಕೈ ಇಟ್ಟ.

‘ರೊಕ್ಕ ಬ್ಯಾಡ್ರಿ, ಆ ಹಾಡ ಹಾಡ್ರಿ’ ಎಂದ ಮಗ. ಹಾಡಿದೆವು. ಹಳೇ ನಿಯಮದಂತೆ ಮೊಬೈಲು ಕಿಸೆಯಲ್ಲೇ ಇತ್ತು. ಪಲ್ಲವಿ ಬಂತು, ಮೊದಲ ನುಡಿ ಅಷ್ಟಿಷ್ಟು ಬಂತು. ಎರಡನೆಯದು ಐವರಲ್ಲಿ ಒಬ್ಬರಿಗೂ ಬರಲಿಲ್ಲ. ಒಳಗಿನಿಂದ ಕಾಕಾನ ಹೆಂಡತಿ, ಎಂಬತ್ತು ದಾಟಿದ ಮುದುಕಿ, ಬಾಗಿಲು ಹಿಡಿದು ಬಂದು ಆ ನುಡಿ ಹೇಳಿಕೊಟ್ಟರು.

ಮಿತ್ರರೇ, ನಿಮ್ಮೂರ ಬಸ್‌ಸ್ಟ್ಯಾಂಡಿನಲ್ಲೂ ಅಂಥ ಒಬ್ಬ ಕಾಕಾ ಇರಬಹುದು. ಅವರ ಜೊತೆ ಪಂದ್ಯ ಕಟ್ಟಬೇಡಿ. ಒಂದು ಚಹಾ ಹೇಳಿ, ಎರಡನೇ ನುಡಿ ಬರೆದುಕೊಳ್ಳಿ.